ಮೂರೆಳೆಯ ಹುರಿ ಬಿಡಿಸಿದ ವಿಜ್ಞಾನಿ ಜಿ.ಎನ್. ರಾಮಚಂದ್ರನ್

ಶಾಂಭವಿ ನದಿ ಕಡಲು ಸೇರುವ ಹೆಜಮಾಡಿ ಕೋಡಿಯಂಥ ಕಡೆಗಳಲ್ಲಿ ದೋಣಿ ಕಟ್ಟುವ ಹಗ್ಗವನ್ನು ಬಿಡಿಸಿ ನೋಡಿದರೆ, ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಹುರಿಗೊಂಡಿರುವುದು ಕಾಣುತ್ತದೆ. ಅದೇ ದೋಣಿ ಹೊತ್ತು ತರುವ ಮೀನಿನ ಚರ್ಮದಲ್ಲಿ, ನಮ್ಮ ಚರ್ಮ ಹಾಗೂ ಮೂಳೆಗಳಲ್ಲಿ ಇರುವ ಕೊಲಾಜೆನ್ ಎಂಬ ಪ್ರೋಟೀನು ಕೂಡ ಇಂಥದೇ ಮೂರೆಳೆಯ ಹುರಿ. ಇದನ್ನು ಕ್ಷ-ಕಿರಣಗಳ ನೆರವಿನಿಂದ ಜಗತ್ತಿಗೆ ತಿಳಿಸಿದವರು, ಬೆಂಗಳೂರಿನಲ್ಲಿ ಕಲಿತು ಮತ್ತೆ ಬೆಂಗಳೂರಿಗೇ ಮರಳಿದ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ರಾಮಚಂದ್ರನ್ ಜನಿಸಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ತಿರುಚ್ಚಿಯಲ್ಲಿ ಪದವಿ ಮುಗಿಸಿದ ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು. ಆದರೆ ಅಲ್ಲಿದ್ದ ಸರ್ ಸಿ.ವಿ. ರಾಮನ್ ಅವರು ಈ ತರುಣನ ಪ್ರತಿಭೆಯನ್ನು ಗುರುತಿಸಿ ಭೌತಶಾಸ್ತ್ರದತ್ತ ಸೆಳೆದುಕೊಂಡರು. 1947ರಿಂದ 1949ರವರೆಗೆ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ ಮರಳಿದ ಅವರು, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಆಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು.

ಕ್ಷ-ಕಿರಣದ ತರಂಗಾಂತರ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು. ಪರಮಾಣುಗಳ ನಡುವಣ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ವಸ್ತುವಿನ ಮೂಲಕ ಹಾಯುವ ಕಿರಣ ಚದುರಿ, ಫಿಲ್ಮಿನ ಮೇಲೆ ಚುಕ್ಕೆಗಳನ್ನು ಮೂಡಿಸುತ್ತದೆ. ಆ ಚುಕ್ಕೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಒಳರಚನೆಯನ್ನು ಕಂಡುಕೊಳ್ಳಬೇಕು. ಕಾಂಗರೂ ಬಾಲದ ಸ್ನಾಯುರಜ್ಜುವಿನಿಂದ ದೊರೆತ ಇಂಥ ಚಿತ್ರಗಳನ್ನು ಆಧರಿಸಿ ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಲಾಜೆನ್‌ನ ಮೂರೆಳೆ ರಚನೆಯನ್ನು ಮಂಡಿಸಿದರು. ಮರುವರ್ಷ, ಆ ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂಬ ತಿದ್ದುಪಡಿಯನ್ನೂ ತಾವೇ ಪ್ರಕಟಿಸಿದರು.

ಆದರೆ ಹಾದಿ ಸುಗಮವಾಗಿರಲಿಲ್ಲ. ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಹಾಗೂ ಅಲೆಕ್ಸಾಂಡರ್ ರಿಚ್, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಅಸಾಧ್ಯವೆನ್ನುವಷ್ಟು ಸಮೀಪದಲ್ಲಿವೆ ಎಂದು ಆಕ್ಷೇಪಿಸಿ ಬದಲಿ ಮಾದರಿ ಮುಂದಿಟ್ಟರು. ಎಳೆಗಳ ನಡುವಣ ಬಂಧಗಳ ಸಂಖ್ಯೆಯ ವಿಷಯದಲ್ಲಿ ಅವರ ವಾದವೇ ಮುಂದೆ ನಿಂತಿತು. ಮೂರೆಳೆಯ ಹುರಿ ಎಂಬ ಮೂಲ ಕಲ್ಪನೆ ಮಾತ್ರ ರಾಮಚಂದ್ರನ್ ಅವರದಾಗಿಯೇ ಉಳಿಯಿತು.

ಟೀಕೆಗೆ ಅವರು ಕೊಟ್ಟ ಉತ್ತರ ಅಪೂರ್ವವಾದುದು. ಪರಮಾಣುಗಳು ನಿಜಕ್ಕೂ ಎಷ್ಟು ಸಮೀಪ ಬರಬಲ್ಲವು ಎಂಬುದನ್ನು ಅರಿಯಲು, ಅದುವರೆಗೆ ಪ್ರಕಟವಾಗಿದ್ದ ಹರಳು ರಚನೆಗಳ ವಿವರಗಳನ್ನು ತಂಡದೊಡನೆ ಜಾಲಾಡಿದರು. ಪ್ರೋಟೀನು ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ತೋರಿಸುವ ನಕ್ಷೆ ಇದರಿಂದ ಸಿದ್ಧವಾಯಿತು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ 1963ರಲ್ಲಿ ಪ್ರಕಟಿಸಿದ ಅದು ‘ರಾಮಚಂದ್ರನ್ ನಕ್ಷೆ’ ಎಂದೇ ಪ್ರಸಿದ್ಧ.

ಜೀವಕೋಶದ ಕ್ರಿಯಾವರ್ಧಕಗಳಾದ ಕಿಣ್ವಗಳಲ್ಲಿ ಬಹುತೇಕ ಪ್ರೋಟೀನುಗಳೇ. ಹಿಡಿದ ಮೀನು ಬೇಗ ಕೆಡಲು ಕಾರಣಗಳಲ್ಲೊಂದು ಅದರ ಒಡಲಿನ ಕಿಣ್ವಗಳು. ನಾವು ಉಂಡ ಅನ್ನ ಜೀರ್ಣವಾಗುವುದೂ ಕಿಣ್ವಗಳಿಂದಲೇ. ಕಿಣ್ವ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕಾದರೆ ಅದರ ಆಕಾರ ತಿಳಿದಿರಬೇಕು. 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಮೊಟ್ಟೆಯ ಬಿಳಿಭಾಗದ ಲೈಸೊಜೈಮ್ ಕಿಣ್ವದ ರಚನೆಯನ್ನು ಕ್ಷ-ಕಿರಣದಿಂದ ಬಿಡಿಸಿದ ಬಳಿಕ ಈ ಅಧ್ಯಯನ ವ್ಯಾಪಕವಾಯಿತು. ಕಂಡುಕೊಂಡ ರಚನೆ ಸರಿಯೇ ಎಂದು ಒರೆಗೆ ಹಚ್ಚಲು ಇಂದಿಗೂ ವಿಶ್ವದಾದ್ಯಂತ ಬಳಕೆಯಾಗುವುದು ಮದರಾಸಿನಲ್ಲಿ ರೂಪುಗೊಂಡ ಅದೇ ನಕ್ಷೆ.

1971ರಲ್ಲಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್, ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ, ಕ್ಷ-ಕಿರಣದ ನೆರಳುಗಳಿಂದ ಒಳಚಿತ್ರವನ್ನು ಮರುರೂಪಿಸುವ ಗಣಿತ ವಿಧಾನವನ್ನು ಪ್ರಕಟಿಸಿದರು. ಈ ಬಗೆಯ ವಿಧಾನ ದಶಕಗಳ ಕಾಲ ಸಿ.ಟಿ. ಸ್ಕ್ಯಾನ್ ಯಂತ್ರಗಳಿಗೆ ಆಧಾರವಾಯಿತು. 1977ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು.

ಕೊನೆಯ ವರ್ಷಗಳು ಕಷ್ಟದವು. ಪಾರ್ಕಿನ್ಸನ್ ಕಾಯಿಲೆ ದೇಹವನ್ನು ಹಣ್ಣಾಗಿಸಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ಅಗಲಿದರು. 1999ರಲ್ಲಿ ಹರಳುಶಾಸ್ತ್ರದ ಅಂತಾರಾಷ್ಟ್ರೀಯ ಗೌರವವಾದ ಎವಾಲ್ಡ್ ಪ್ರಶಸ್ತಿ ಒಲಿದು ಬಂತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ಕೊನೆಯುಸಿರೆಳೆದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರದೊಳಗೆ ಮಲಗುವ ರೋಗಿಗೆ ರಾಮಚಂದ್ರನ್ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಸೋಲೊಪ್ಪದೆ, ಸಿಟ್ಟಿಗೂ ಏಳದೆ, ಟೀಕೆಯನ್ನೇ ಪ್ರಶ್ನೆಯಾಗಿಸಿಕೊಂಡು ಉತ್ತರ ಹುಡುಕಿದ ಈ ವಿಜ್ಞಾನಿಯ ಬದುಕು ಎಳೆಯರಿಗೆ ಪಾಠವಾಗಬಲ್ಲದು.