ಬಾಂಬ್ ಬಿದ್ದರೂ ಬಾಗಿಲು ಮುಚ್ಚದ ಚರ್ಚ್‌ನ ಪಾದ್ರಿ: ರಾಲ್ಫ್ ಅಬರ್ನಾಥಿ

ಮಾರ್ಟಿನ್ ಲೂಥರ್ ಕಿಂಗ್ ಅವರ ಹಳೆಯ ಫೋಟೊಗಳಲ್ಲಿ ಪಕ್ಕದಲ್ಲಿ ನಡೆಯುತ್ತಿರುವ ದುಂಡುಮುಖದ ವ್ಯಕ್ತಿಯೊಬ್ಬರು ಮತ್ತೆ ಮತ್ತೆ ಕಾಣಸಿಗುತ್ತಾರೆ. ಅವರೇ ರಾಲ್ಫ್ ಡೇವಿಡ್ ಅಬರ್ನಾಥಿ. ಕಿಂಗ್ ಅವರ ಜತೆ ಜೈಲಿಗೂ ಹೋದವರು, ಅವರಿಗಿಂತ 22 ವರ್ಷ ಹೆಚ್ಚು ಬದುಕಿದವರು. ಆದರೂ ನಮ್ಮಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ.

ಹುಟ್ಟಿದ್ದು 1926ರ ಮಾರ್ಚ್ 11ರಂದು, ಅಮೆರಿಕದ ಅಲಬಾಮಾ ರಾಜ್ಯದ ಲಿಂಡನ್ ಎಂಬಲ್ಲಿ. ಹನ್ನೆರಡು ಮಕ್ಕಳ ರೈತ ಕುಟುಂಬ. ಗುಲಾಮಗಿರಿಯನ್ನು ಕಂಡವರ ಮೊಮ್ಮಗ. ಎರಡನೇ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದು ಬಂದು, ಕಾಲೇಜು ಓದಿ, 1952ರಲ್ಲಿ ಮಾಂಟ್ಗೊಮರಿಯ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್‌ನ ಪಾದ್ರಿಯಾದರು.

ಈ ಚರ್ಚ್‌ಗೆ ಒಂದು ಅಡ್ಡಹೆಸರಿದೆ: ದಿನಕ್ಕೊಂದು ಇಟ್ಟಿಗೆಯ ಚರ್ಚ್. ಹಳೆಯ ಕಟ್ಟಡ ಬೆಂಕಿಗೆ ಆಹುತಿಯಾದ ಮೇಲೆ, ಕಳೆದ ಶತಮಾನದ ಆರಂಭದಲ್ಲಿ ಬಡ ಭಕ್ತರು ದಿನಕ್ಕೊಂದು ಇಟ್ಟಿಗೆ ಹೊತ್ತು ತಂದು ಕಟ್ಟಿದ್ದಂತೆ. ಆ ಇಟ್ಟಿಗೆಗಳ ಮೇಲೇ ಬಾಂಬ್ ಬಿತ್ತು.

1955ರ ಡಿಸೆಂಬರ್‌ನಲ್ಲಿ ರೋಸಾ ಪಾರ್ಕ್ಸ್ ಬಂಧನದ ನಂತರ ನಡೆದ ಬಸ್ ಬಹಿಷ್ಕಾರವನ್ನು ಸಂಘಟಿಸಿದವರಲ್ಲಿ ಅಬರ್ನಾಥಿ ಪ್ರಮುಖರು. ಒಂದು ವರ್ಷದ ಬಳಿಕ ಕೋರ್ಟ್‌ನಲ್ಲಿ ಕಪ್ಪು ಜನ ಗೆದ್ದರು. ಸೇಡು ತಡವಾಗಲಿಲ್ಲ. 1957ರ ಜನವರಿ 10ರ ನಸುಕಿನಲ್ಲಿ ನಗರದ ನಾಲ್ಕು ಕಪ್ಪು ಚರ್ಚ್‌ಗಳು ಮತ್ತು ಎರಡು ಮನೆಗಳ ಮೇಲೆ ಬಾಂಬ್ ದಾಳಿ ನಡೆಯಿತು. ಅದರಲ್ಲಿ ಒಂದು ಚರ್ಚ್ ಅಬರ್ನಾಥಿಯವರದು, ಒಂದು ಮನೆಯೂ ಅವರದೇ. ಇನ್ನೊಂದು ಮನೆ, ಚಳವಳಿಯ ಪರ ನಿಂತಿದ್ದ ಬಿಳಿಯ ಪಾದ್ರಿಯೊಬ್ಬರದು. ಅಬರ್ನಾಥಿ ಆಗ ಕಿಂಗ್ ಜತೆ ಅಟ್ಲಾಂಟಾದಲ್ಲಿದ್ದರು. ಮನೆಯಲ್ಲಿದ್ದದ್ದು ಗರ್ಭಿಣಿ ಪತ್ನಿ ವಾನಿಟಾ ಮತ್ತು ಪುಟ್ಟ ಮಗಳು. ಮನೆಯ ಮುಂಭಾಗ ಹಾಳಾಯಿತು, ತಾಯಿ ಮಗು ಬದುಕುಳಿದರು. ಇಬ್ಬರು ಬಿಳಿಯರು ವಿಚಾರಣೆ ಎದುರಿಸಿದರು. ತಪ್ಪೊಪ್ಪಿಗೆಗೆ ಸಹಿ ಹಾಕಿದ್ದರೂ ಬಿಳಿಯರೇ ತುಂಬಿದ್ದ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಅಂದಿನ ಅಲಬಾಮಾದಲ್ಲಿ ಇದು ಅಚ್ಚರಿಯ ಸುದ್ದಿಯೇನೂ ಆಗಿರಲಿಲ್ಲ.

ಚರ್ಚ್ ರಿಪೇರಿಯಾಯಿತು. 1961ರ ಮೇ 21ರ ರಾತ್ರಿ ಅದೇ ಕಟ್ಟಡದಲ್ಲಿ ಸುಮಾರು 1,500 ಜನ ಸಿಕ್ಕಿಬಿದ್ದರು. ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ಪೆಟ್ಟು ತಿಂದಿದ್ದ ಫ್ರೀಡಂ ರೈಡರ್‌ಗಳೂ ಒಳಗಿದ್ದರು. ಹೊರಗೆ ಉದ್ರಿಕ್ತ ಗುಂಪು ಕಲ್ಲು ತೂರುತ್ತಿತ್ತು, ಕಿಟಕಿಗಳು ಒಡೆದವು, ಅಶ್ರುವಾಯು ಒಳಗೂ ನುಗ್ಗಿತು. ಕಿಂಗ್ ಚರ್ಚ್‌ನಿಂದಲೇ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಫೋನ್ ಮಾಡಿದರು. ನ್ಯಾಷನಲ್ ಗಾರ್ಡ್ ಬಂದು ಜನರನ್ನು ಮನೆಗೆ ಸೇರಿಸುವ ಹೊತ್ತಿಗೆ ಬೆಳಗಿನ ಜಾವ.

1968ರ ಏಪ್ರಿಲ್ 4ರಂದು ಮೆಂಫಿಸ್‌ನ ಲೊರೇನ್ ಮೋಟೆಲ್‌ನಲ್ಲಿ ಕಿಂಗ್ ಗುಂಡಿಗೆ ಬಲಿಯಾದಾಗ, 306ನೇ ಕೋಣೆಯನ್ನು ಹಂಚಿಕೊಂಡಿದ್ದವರು ಅಬರ್ನಾಥಿಯೇ. ಸಂಘಟನೆಯ ಹೊಣೆ ಅವರ ಹೆಗಲೇರಿತು. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ಬಡವರ ಬಿಡಾರ ಹೂಡಿಸಿದರು, ಪೊಲೀಸರು ಅದನ್ನು ತೆರವುಗೊಳಿಸಿದರು. ಕಿಂಗ್‌ಗೆ ಸಿಕ್ಕ ಜನಬೆಂಬಲ ಇವರಿಗೆ ಸಿಗಲಿಲ್ಲ. 1989ರ ಆತ್ಮಕಥೆಯಲ್ಲಿ ಕಿಂಗ್ ಖಾಸಗಿ ಬದುಕಿನ ಬಗ್ಗೆ ಬರೆದಾಗ ಹಳೆಯ ಒಡನಾಡಿಗಳೇ ಮುನಿಸಿಕೊಂಡರು.

1990ರ ಏಪ್ರಿಲ್ 17ರಂದು ಅಟ್ಲಾಂಟಾದಲ್ಲಿ ನಿಧನರಾದಾಗ ಅವರಿಗೆ 64 ವರ್ಷ. ಮಾಂಟ್ಗೊಮರಿಯ ರಿಪ್ಲಿ ಸ್ಟ್ರೀಟ್‌ನಲ್ಲಿ ಆ ಇಟ್ಟಿಗೆಯ ಚರ್ಚ್ ಈಗಲೂ ನಿಂತಿದೆ.