ತಟ್ಟೆ ಎತ್ತಿದ ಹುಡುಗ
ಲೂ ಗೆರಿಗ್ 1903ರಲ್ಲಿ ನ್ಯೂಯಾರ್ಕಿನ ಬಡ ಜರ್ಮನ್ ವಲಸೆಗಾರರ ಮನೆಯಲ್ಲಿ ಹುಟ್ಟಿದವನು. ತಾಯಿ ಕ್ರಿಸ್ಟಿನಾ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಫ್ರಾಟರ್ನಿಟಿಯಲ್ಲಿ, ಅಂದ್ರೆ ವಿದ್ಯಾರ್ಥಿ ಸಂಘದ ಮನೆಯಲ್ಲಿ, ಅಡುಗೆ ಮಾಡುತ್ತಿದ್ದಳು. ಮಗ ಅಲ್ಲೇ ಬಡಿಸುತ್ತಿದ್ದ, ತಟ್ಟೆ ಎತ್ತುತ್ತಿದ್ದ. ಮುಂದೆ ಅದೇ ಕೊಲಂಬಿಯಾದಲ್ಲಿ ಎಂಜಿನಿಯರಿಂಗ್ ಸೇರಿ, ಫೈ ಡೆಲ್ಟಾ ಥೀಟಾ ಫ್ರಾಟರ್ನಿಟಿಯ ಸದಸ್ಯನೂ ಆದ!

1923ರಲ್ಲಿ ಮನೆಯ ಕಷ್ಟಕ್ಕೆ ಓದು ಬಿಟ್ಟು ಯಾಂಕೀಸ್ ಬೇಸ್‌ಬಾಲ್ ತಂಡ ಸೇರಿದ. ಡಿಗ್ರಿ ಕೈಗೆ ಬರಲಿಲ್ಲ. 1925ರಿಂದ 1939ರವರೆಗೆ ಒಂದನ್ನೂ ತಪ್ಪಿಸದೆ 2,130 ಪಂದ್ಯ ಆಡಿದ. ಅಟೆಂಡೆನ್ಸ್ ಶಾರ್ಟೇಜಿನ ನಾವು ಈ ಲೆಕ್ಕವನ್ನ ಎರಡು ಸಲ ಓದಬೇಕು. ಕೊನೆಗೆ ಎಎಲ್‌ಎಸ್ ಎಂಬ ನರದ ಕಾಯಿಲೆ ಅವನನ್ನು ನಿಲ್ಲಿಸಿತು; 1941ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ. ಅಮೆರಿಕದಲ್ಲಿ ಆ ಕಾಯಿಲೆಗೂ ಅವನ ಹೆಸರೇ. 1955ರಿಂದ ಅವನ ಫ್ರಾಟರ್ನಿಟಿ, ಮೈದಾನದ ಒಳಗೂ ಹೊರಗೂ ನಡತೆ ನೋಡಿ, ಒಬ್ಬ ಬೇಸ್‌ಬಾಲ್ ಆಟಗಾರನಿಗೆ ಗೆರಿಗ್ ಹೆಸರಿನ ಪ್ರಶಸ್ತಿ ಕೊಡ್ತಾ ಬಂದಿದೆ.