ಡೆಪ್ಯುಟಿ ಚನ್ನಬಸಪ್ಪನವರು

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮರುದಿನದಿಂದ ಯಾವ ಜಿಲ್ಲೆ ಮೇಲಕ್ಕೇರಿತು, ಯಾವುದು ಕೆಳಕ್ಕಿಳಿಯಿತು ಎಂಬ ಲೆಕ್ಕವೇ ನಮ್ಮ ಊರೂರ ಚಾವಡಿಗಳಲ್ಲಿ ಕೆಲವು ದಿವಸ ನಡೆಯುತ್ತದೆ. ಅಂಕಿ ಒಳ್ಳೆಯದಾದರೆ ಅಧಿಕಾರಿಗಳಿಗೆ ಶಾಬಾಸಕಿ, ಕೆಟ್ಟದಾದರೆ ಮಾಸ್ತರರಿಗೆ ನೋಟೀಸು. ಆ ಅಂಕಿಯು ಅಳೆದದ್ದಾದರೂ ಏನೆಂದು ವಿಚಾರಿಸುವವರು ವಿರಳ. ತಮ್ಮ ಕೃತಿಯಿಂದಲೇ ಈ ವಿಚಾರವನ್ನು ಎತ್ತಿದ ಒಬ್ಬ ಅಧಿಕಾರಿಯು ನೂರೈವತ್ತು ವರ್ಷಗಳ ಹಿಂದೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಇದ್ದರು. ಹುದ್ದೆಯ ಹೆಸರೇ ಮನೆತನದ ಹೆಸರೆಂಬಂತೆ ಅವರಿಗೆ ಅಂಟಿಕೊಂಡಿತು.

ಚನ್ನಬಸಪ್ಪನವರು ಧಾರವಾಡದಲ್ಲಿ 1834ರಲ್ಲಿ ಜನಿಸಿದರು. ಮುಂದಿನ ವಿದ್ಯೆಗಾಗಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಅಭ್ಯಾಸ ಮಾಡಿದರು. ರಸ್ತೆ ಸೇತುವೆಗಳ ಖಾತೆಗೆ ಸೇರಿದ್ದರೆ ಸಂಬಳವೂ ಮಾನವೂ ತಾನಾಗಿ ಬರುತ್ತಿದ್ದವು. ಆದರೆ ಅವರು ಹಿಡಿದದ್ದು ವಿದ್ಯಾಖಾತೆಯ ದಾರಿಯನ್ನು. 1854ರ ವುಡ್ ಸಾಹೇಬರ ಖಲೀತೆಯ ತರುವಾಯ ಮುಂಬಯಿ ಇಲಾಖೆಯಲ್ಲಿ ಆ ಖಾತೆಯು ಆಗಷ್ಟೇ ಕಣ್ಣು ತೆರೆದಿತ್ತು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರಿಸುವ ಕೆಲಸ ಮಾಡಿ, ಆ ಮೇಲೆ ಅವರು ಬೆಳಗಾವಿ ಜಿಲ್ಲೆಯ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾದರು.

ಆಗಿನ ಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಪೇಶವೆಗಳ ಆಳಿಕೆ 1818ರಲ್ಲಿ ಮುಗಿದಿದ್ದರೂ ಕಚೇರಿಗಳಲ್ಲಿ ಮರಾಠಿಯ ಬರವಣಿಗೆಯು ಬಹುಕಾಲ ಉಳಿಯಿತು. ಕಚೇರಿಯ ಭಾಷೆಯೇ ಸಾಲೆಯ ಭಾಷೆಯೂ ಆಯಿತು. ಕಿತ್ತೂರ ಸೀಮೆಯ ದೇಗಾಂವದಂಥ ಹಳ್ಳಿಯನ್ನು ತೆಗೆದುಕೊಳ್ಳಿರಿ. ಅದು ಆಗ ಸಂಪಗಾಂವ ತಾಲೂಕಿನೊಳಗಿತ್ತು. ಕದಂಬರ ರಾಣಿ ಕಮಲಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣನ ಗುಡಿಯ ಸುತ್ತಲಿನ ಒಕ್ಕಲಿಗರ ಮನೆಮಾತು ಅಂದಿಗೂ ಕನ್ನಡ, ಇಂದಿಗೂ ಕನ್ನಡ. ಇಂಥ ಸೀಮೆಯ ಹುಡುಗನಿಗೆ ಮರಾಠಿಯಲ್ಲಿ ಪಾಠ ಹೇಳಿ, ಮರಾಠಿಯಲ್ಲಿಯೇ ಪರೀಕ್ಷೆ ಮಾಡಿದರೆ, ಜಾಣನಾದವನು ಬಾಯಿಪಾಠದ ಬಲದಿಂದ ಪಾರಾಗುತ್ತಾನೆ. ಉಳಿದವರು ದಡ್ಡರೆನಿಸಿಕೊಂಡು ಹೊಲಕ್ಕೆ ಹೋಗುತ್ತಾರೆ. ಪರೀಕ್ಷಕನ ಕಾಗದದಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅಳತೆಗೋಲೇ ವಕ್ರವಾಗಿದ್ದಾಗ ಅಳೆದವನ ಪ್ರಾಮಾಣಿಕತೆಯಿಂದ ಏನು ಪ್ರಯೋಜನ? ಮರಾಠಿಯ ಮೇಲೆ ನಮಗೆ ದ್ವೇಷವಿಲ್ಲ. ಮರಾಠಿ ಮನೆಯ ಮಗುವಿಗೆ ಮರಾಠಿ ಸಾಲೆಯೇ ನ್ಯಾಯ.

ಇದೇ ಕಾಲಕ್ಕೆ ಇಂಗ್ಲಂಡದಲ್ಲಿ 1862ರಿಂದ, ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ಪಾಸಾದ ಪ್ರಮಾಣದ ಮೇಲೆ ಸಾಲೆಗಳಿಗೆ ಹಣ ಕೊಡುವ ಪದ್ಧತಿ ಹೊರಟಿತು. ಮುಂಬಯಿ ಸರಕಾರವೂ ಅದೇ ದಶಕದಲ್ಲಿ ಖಾಸಗಿ ಸಾಲೆಗಳ ಅನುದಾನಕ್ಕೆ ಆ ನಿಯಮವನ್ನು ಹಚ್ಚಿತು. ಸ್ವತಃ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಇದರಿಂದ ಪಾಠವು ಯಾಂತ್ರಿಕವಾಗುವುದೆಂದು ಅಲ್ಲಿಯೇ ವಿರೋಧಿಸಿದರು. ರೊಕ್ಕವು ಅಂಕಿಯನ್ನು ಹಿಂಬಾಲಿಸತೊಡಗಿದ ಮೇಲೆ ಮಾಸ್ತರನು ಅಂಕಿಯನ್ನೇ ಬೆಳೆಯುತ್ತಾನೆಂಬುದು ಸಹಜವಷ್ಟೆ.

ಚನ್ನಬಸಪ್ಪನವರು ಹಿಡಿದ ಕೆಲಸ ಇದಕ್ಕಿಂತ ಬುಡದ್ದಾಗಿತ್ತು. ಕನ್ನಡ ಮಕ್ಕಳಿದ್ದಲ್ಲಿ ಕನ್ನಡ ಸಾಲೆಗಳಾಗಬೇಕೆಂದು ಅವರು ಪಟ್ಟುಹಿಡಿದರು. ಮೇಲಧಿಕಾರಿಗಳಾದ ರಸೆಲ್ ಸಾಹೇಬರ ಬೆಂಬಲವೂ ದೊರೆಯಿತು. ಒಂದೊಂದಾಗಿ ಸಾಲೆಗಳು ಭಾಷೆ ಬದಲಿಸಿದವು. ಕನ್ನಡದಲ್ಲಿ ಪುಸ್ತಕಗಳಿಲ್ಲ, ಕಲಿಸಬಲ್ಲವರಿಲ್ಲ ಎಂಬ ಆಕ್ಷೇಪಣೆ ಸುಳ್ಳಾಗಿರಲಿಲ್ಲ. ಆದುದರಿಂದ ಪುಸ್ತಕ ಬರೆಯಿಸುವದೂ, ಬರೆಯಬಲ್ಲವರನ್ನು ಕೂಡಿಸುವದೂ ಅವರ ಪಾಲಿಗೆ ಬಂದಿತು. 1860ರ ದಶಕದ ಮಠಪತ್ರಿಕೆಯು ಮಾಸ್ತರರಿಗಾಗಿಯೇ ಹುಟ್ಟಿದ್ದು. ಅದು ಮುಂದೆ ಶಾಲಾಪತ್ರಿಕೆಯಾಯಿತು, ವೆಂಕಟ ರಂಗೋ ಕಟ್ಟಿಯವರ ಕೈಯಲ್ಲಿ ಬೆಳೆಯಿತು, ಕಡೆಗೆ ಜೀವನ ಶಿಕ್ಷಣವೆಂಬ ಹೆಸರು ತಳೆಯಿತು. ಬೈಲಹೊಂಗಲದ ಕಡೆಯ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡಿಸಿದ್ದು ಇದೇ ಪೀಳಿಗೆಯಲ್ಲಿ. ಡೆಪ್ಯುಟಿಯವರು ತಾವೇ ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ 1871ರಲ್ಲಿ ಹೊರತಂದರು. ತಪಾಸಣೆಯ ಅಧಿಕಾರಿಗಳಿಗೆ ಇಷ್ಟು ರಸಿಕತೆ ಇರುವುದು ಅಪರೂಪ. ಇದೇ ದಕ್ಷಿಣ ಭಾಗದ ಇನ್‌ಸ್ಪೆಕ್ಟರರಾಗಿದ್ದ ಫ್ಲೀಟ್ ಸಾಹೇಬರೇ ದೇಗಾಂವದ ಶಾಸನವನ್ನು ಓದಿ ಅಚ್ಚು ಹಾಕಿಸಿದವರೆಂಬುದನ್ನೂ ಇಲ್ಲಿ ನೆನೆಯಬಹುದು.

ಇಷ್ಟಾದರೂ ಒಂದು ಸಂಗತಿಯನ್ನು ನಾವು ಮರೆಮಾಚಲಾರೆವು. ಸಾಲೆ ತೆರೆಯಿಸುವವರೂ ಡೆಪ್ಯುಟಿಯವರೇ, ಅದು ಚೆನ್ನಾಗಿ ನಡೆದಿದೆಯೋ ಇಲ್ಲವೋ ಎಂದು ಪರೀಕ್ಷಿಸುವವರೂ ಅವರೇ. ಚನ್ನಬಸಪ್ಪನವರಂಥ ನಿಸ್ಪೃಹರ ಕೈಯಲ್ಲಿ ಈ ವ್ಯವಸ್ಥೆ ನಡೆದೀತು. ಅವರ ಕುರ್ಚಿಯಲ್ಲಿ ಕೂತವರೆಲ್ಲ ಚನ್ನಬಸಪ್ಪನವರಾಗಿರಲಿಲ್ಲ. ತಾನು ನೆಟ್ಟ ಗಿಡದ ಹಣ್ಣು ಹುಳಿಯೆಂದು ವರದಿ ಬರೆಯುವ ಅಧಿಕಾರಿಯನ್ನು ನಾವಂತೂ ಹೆಚ್ಚಾಗಿ ಕಂಡಿಲ್ಲ. ಸಾಲೆಗಳನ್ನು ನಡೆಯಿಸದ ಹೊರಗಿನ ಜನರು ಹಳ್ಳಿಯ ಮನೆಬಾಗಿಲಿಗೇ ಹೋಗಿ, ಮಗುವಿನ ಕೈಗೆ ಎರಡನೆಯ ತರಗತಿಯ ಪಾಠ ಕೊಟ್ಟು ಓದಿಸಿ ನೋಡುವ ಅಸರ್ ಎಂಬ ಸಮೀಕ್ಷೆಯು ದೇಶದಲ್ಲಿ ಆರಂಭವಾದದ್ದು 2005ರಲ್ಲಿ. ಐದನೆಯ ತರಗತಿಯ ಹಳ್ಳಿಯ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಆ ಪಾಠವನ್ನು ಓದಲಾರರೆಂದು ಅದು ತಿಳಿಸಿದಾಗ ಹಾಜರಿಪಟಗಳನ್ನು ನಂಬಿಕೊಂಡಿದ್ದವರು ಬೆಚ್ಚಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳ ಹೆಸರು ಸಾಲೆಯ ಪಟದಲ್ಲಿ ಇದ್ದುವಷ್ಟೆ!

ಡೆಪ್ಯುಟಿ ಚನ್ನಬಸಪ್ಪನವರು ಐವತ್ತು ವರ್ಷ ತುಂಬುವ ಮೊದಲೇ, 1881ರಲ್ಲಿ ತೀರಿಕೊಂಡರು. ದೇಶದ ವಿದ್ಯಾಭ್ಯಾಸದ ಫಲಾಫಲಗಳನ್ನು ವಿಚಾರಿಸಲು ಹಂಟರ್ ಸಾಹೇಬರ ಕಮಿಶನ್ನು ಕೂತದ್ದು ಮರುವರ್ಷ, 1882ರಲ್ಲಿ. ಕನ್ನಡ ಸಾಲೆಗಳ ಸಂಗತಿಯನ್ನು ಒಳಗಿನಿಂದ ಬಲ್ಲ ಸಾಕ್ಷಿಯೊಬ್ಬರು ಅಷ್ಟರಲ್ಲಿ ಇಲ್ಲವಾಗಿದ್ದರು.